ಹಾಕಿದರೋ, ಕೊಂಡರೋ

ಲಕ್ಷ್ಮೀಪುರಂನ ಆ ವಠಾರಕ್ಕೆ ಬೆಳಗಾಗುತ್ತಿದ್ದದ್ದು ಬೀದಿ ನಲ್ಲಿಯ ಕೆಳಗೆ ಬಿಂದಿಗೆಗಳು ಸಾಲುಗಟ್ಟುವ ಸದ್ದಿನಿಂದ. ಹೊಸ ರಾಜ್ಯವಾಗಿ ಒಂದು ವರ್ಷ ತುಂಬಿದ ಆ ಕಾರ್ತಿಕದಲ್ಲಿ ಮಾತ್ರ ಬಿಂದಿಗೆಗಳಿಗಿಂತ ಮುಂಚೆಯೇ ಮಂಗಳಮ್ಮನ ಮನೆಯಿಂದ ಬೇರೊಂದು ಸದ್ದು ಏಳುತ್ತಿತ್ತು.

“ಲುಕ್ ಆಫ್ಟರ್. ಲುಕ್ ಫಾರ್. ಲುಕ್ ಇನ್ಟು. ಲುಕ್ ಡೌನ್ ಆನ್.”

ಹೇಳಿಕೊಡುತ್ತಿದ್ದವಳು ಹದಿನೈದು ವರ್ಷದ ಮೊಮ್ಮಗಳು ರಮಾಮಣಿ. ಹೇಳಿಸಿಕೊಳ್ಳುತ್ತಿದ್ದವನು ಅವಳ ಅಪ್ಪ ಮಹದೇವು. ಮಹದೇವು ಸರ್ಕಾರಿ ಆಫೀಸೊಂದರಲ್ಲಿ ದಲಾಯತ. ಎದೆಯ ಮೇಲೆ ಅಡ್ಡಪಟ್ಟಿ, ಪಟ್ಟಿಗೆ ಹಿತ್ತಾಳೆ ಬಿಲ್ಲೆ. ಸಾಹೇಬರ ಬಾಗಿಲಾಚೆ ನಿಂತಿರಬೇಕು, ಗಂಟೆ ಹೊಡೆದರೆ ಒಳಕ್ಕೆ ಹೋಗಬೇಕು, ಕೊಟ್ಟ ಫೈಲನ್ನು ಹೇಳಿದ ಕೋಣೆಗೆ ಮುಟ್ಟಿಸಬೇಕು. ಹದಿನಾಲ್ಕು ವರ್ಷ ಹೀಗೆ ನಿಂತು ಮೂವತ್ತೆಂಟಕ್ಕೇ ಅವನ ಮೊಣಕಾಲು ಮೆಟ್ಟಿಲು ಹತ್ತುವಾಗ ಲಟಕ್ಕೆನ್ನುತ್ತಿತ್ತು.

ಆ ಆಫೀಸಿನಲ್ಲಿ ರೆಕಾರ್ಡ್ ಗುಮಾಸ್ತರೊಬ್ಬರು ಪೆನ್ಷನ್ ತೆಗೆದುಕೊಳ್ಳುವವರಿದ್ದರು. ಇಂಗ್ಲಿಷ್ ಓದಿ ಬರೆಯಬಲ್ಲವನು ಒಳಗಿನವನೇ ಇದ್ದರೆ ಆ ಜಾಗ ಅವನಿಗೆ ಎಂದು ಸಾಹೇಬರು, ಸೂಪರಿಂಟೆಂಡೆಂಟ್ ರಾಮಸ್ವಾಮಿಯವರು, ಹೇಳಿದ್ದರು. ತಿಂಗಳ ಕೊನೆಗೆ ಚಿಕ್ಕ ಪರೀಕ್ಷೆ. ಮಹದೇವು ಹೆಸರು ಕೊಟ್ಟ. ಮೇಲಿನವರ ಕಡೆಯ ಹುಡುಗನೊಬ್ಬನೂ ಕೊಟ್ಟಿದ್ದ. ರೆಕಾರ್ಡ್ ಗುಮಾಸ್ತನಿಗೆ ಬಿಲ್ಲೆಯಿಲ್ಲ; ಒಂದು ಮೇಜು, ಒಂದು ಬೆತ್ತದ ಕುರ್ಚಿ. ಮಂಗಳಮ್ಮನಿಗೆ ಬೇಕಾಗಿದ್ದದ್ದು ಆ ಕುರ್ಚಿ. ಅವಳ ಗಂಡ ಮರಿಯಯ್ಯನೂ ಒಂದು ದೊಡ್ಡ ಮನೆಯ ಬಾಗಿಲಲ್ಲಿ ನಿಂತೇ ಆಯುಸ್ಸು ಕಳೆದವನು. ಮಗನಾದರೂ ಕೂತು ಅನ್ನ ಸಂಪಾದಿಸಲಿ ಎನ್ನುವುದು ಅವಳ ಆಸೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

“ಲುಕ್ ಅಂದ್ರೆ ನೋಡು. ಆಫ್ಟರ್ ಅಂದ್ರೆ ಆಮೇಲೆ. ಆಮೇಲೆ ನೋಡೋಣ ಅಂತ,” ಎಂದ ಮಹದೇವು.

“ಅಯ್ಯೋ ಅಲ್ಲಪ್ಪಾ! ಲುಕ್ ಆಫ್ಟರ್ ಅಂದ್ರೆ ಸಾಕೋದು. ನೆನ್ನೆ ತಾನೇ ಹೇಳಿದೆ.”

“ಆಮೇಲೆ ನೋಡಾನ ಅನ್ನೋರು ಎಂಗವ್ವ ಸಾಕಾರು?” ಒಲೆಯ ಮುಂದೆ ಹಿಟ್ಟು ತೊಳಸುತ್ತಿದ್ದ ಮಂಗಳಮ್ಮ ಕೇಳಿದಳು.

“ಅಜ್ಜಿ, ನೀವು ಸುಮ್ಮನಿರಿ. ಅಪ್ಪಂಗೆ ಮೊದಲೇ ಗೊಂದಲ.”

ಮಂಗಳಮ್ಮ ಸುಮ್ಮನಾದಳು. ಕನ್ನಡ ಎರಡನೇ ಕ್ಲಾಸು ಓದಿದವಳು ಅವಳು. ಆದರೆ ಕಿವಿ ಸುಮ್ಮನಿರಲಿಲ್ಲ. ದೊಡ್ಡ ಮಾತೊಂದು ಗಾಡಿಯ ಹಾಗೆ ಮುಂದೆ ಹೋಗುತ್ತಿತ್ತು. ಹಿಂದೆ ಕಟ್ಟಿದ ಪುಟ್ಟ ಮಾತು, ಅಪ್ಪೋ, ಆಫೋ, ಇನ್ನೋ, ಗಾಡಿಯನ್ನು ಎಲ್ಲಿಗೋ ತಿರುಗಿಸಿಬಿಡುತ್ತಿತ್ತು. ಆಮೇಲೆ ನೋಡಿದರೆ ಸಾಕಿದ ಹಾಗೆ, ಕೆಳಕ್ಕೆ ನೋಡಿದರೆ ತಿರಸ್ಕಾರ ಮಾಡಿದ ಹಾಗೆ, ಒಳಕ್ಕೆ ನೋಡಿದರೆ ವಿಚಾರಣೆ ನಡೆಸಿದ ಹಾಗೆ. ಕಣ್ಣು ಮಾತ್ರ ಅದೇ ಕಣ್ಣು. ಇದೆಂಥ ಭಾಷೆ ಎಂದು ಅವಳಿಗೆ ಬಗೆಹರಿಯಲಿಲ್ಲ.

“ವಿ ಹ್ಯಾವ್ ರನ್ ಔಟ್ ಆಫ್ ರೈಸ್. ಹೇಳಿ, ಏನರ್ಥ?”

ಮಹದೇವು ಬೆರಳು ಮಡಿಸಿ ಲೆಕ್ಕ ಹಾಕಿದ. “ರನ್ ಅಂದ್ರೆ ಓಡು. ನಾವು ಅಕ್ಕಿ ಬಿಟ್ಟು ಆಚೆಗೆ ಓಡಿಹೋದೆವು.”

“ನಾವ್ಯಾಕೆ ಓಡ್ತೀವಿ? ಓಡಿರೋದು ಅಕ್ಕಿ. ಡಬ್ಬ ಬಗ್ಗಿ ನೋಡಿ,” ಎಂದಳು ಹೆಂಡತಿ ಪ್ರೇಮಮ್ಮ.

“ಅಮ್ಮ ಹೇಳಿದ್ದೇ ಸರಿ!” ರಮಾಮಣಿ ಕೈ ತಟ್ಟಿ ನಕ್ಕಳು. “ಅಕ್ಕಿ ಮುಗಿದುಹೋಗಿದೆ ಅಂತ. ಅಮ್ಮಂಗೆ ಗೊತ್ತಾಗುತ್ತೆ, ನಿಮಗ್ಯಾಕಪ್ಪ ಗೊತ್ತಾಗಲ್ಲ? ನಮ್ಮ ಕ್ಲಾಸಿನ ದಡ್ಡಿಗೂ ಇಷ್ಟು ಬರುತ್ತೆ.”

ಪ್ರೇಮಮ್ಮ ಕೈಯಲ್ಲಿದ್ದ ಸೌಟನ್ನು ಕುಕ್ಕಿದಳು. “ಏನಂದ್ಯೇ? ಹೆತ್ತಪ್ಪನ್ನ ದಡ್ಡ ಅಂತೀಯಾ?”

“ನಾನು ದಡ್ಡಿ ಅಂದೆ. ದಡ್ಡ ಅನ್ನಲಿಲ್ಲ.”

“ಮೇಷ್ಟರಾಗೋಕೆ ಮುಂಚೆ ನೀರು ತಾ. ನಲ್ಲಿ ನಿಂತೋದ್ರೆ ಅಡುಗೆಗೆ ಇಂಗ್ಲಿಷ್ ಹುಯ್ಯಕ್ಕಾಗುತ್ತಾ?”

ಮಹದೇವು ಎದ್ದ. ಬಿಲ್ಲೆ ಕಟ್ಟಿಕೊಂಡ. ತಟ್ಟೆಯಲ್ಲಿ ಮುದ್ದೆ ಹಬೆಯಾಡುತ್ತಿತ್ತು, ಉಪ್ಪೆಸರು ಪಕ್ಕದಲ್ಲಿತ್ತು. ಅವನು ಚಪ್ಪಲಿ ಮೆಟ್ಟಿ ಹೊರಟೇಹೋದ.

“ಉಣ್ಣದೆ ಹೊಂಟೋದ ನೋಡು,” ಎಂದಳು ಮಂಗಳಮ್ಮ. ರಮಾಮಣಿಯ ಕಣ್ಣಲ್ಲಿ ನೀರಿತ್ತು. ಅವಳು ಬಿಂದಿಗೆ ಎತ್ತಿಕೊಂಡು ನಲ್ಲಿಗೆ ಹೋದಳು.

ಹೀಗೇ ಮೂರು ವಾರ ನಡೆಯಿತು. ಪರೀಕ್ಷೆಯೂ ಆಯಿತು. ಹತ್ತು ಪ್ರಶ್ನೆಯಲ್ಲಿ ಆರು ಸರಿಯಿರಬಹುದು ಎಂದ ಮಹದೇವು. ನಾಲ್ಕು ಎಂದಳು ರಮಾಮಣಿ. ಫಲಿತಾಂಶವನ್ನು ಯಾರೂ ಹೇಳಲಿಲ್ಲ.

ಆಮೇಲೊಂದು ಸಾಯಂಕಾಲ ಮಹದೇವು ಬಲಗೈಯನ್ನು ಮುಷ್ಟಿ ಬಿಗಿದುಕೊಂಡೇ ಮನೆಗೆ ಬಂದ. ಎಡಗೈಯಲ್ಲೇ ಬಿಲ್ಲೆ ಬಿಚ್ಚಿದ. ಪ್ರೇಮಮ್ಮ ತಟ್ಟೆ ಹಾಕಿ ಕೈ ತೊಳೆಯಲು ಚೊಂಬು ಕೊಟ್ಟರೆ ಹಿಂದಕ್ಕೆ ಸರಿದ.

“ಕೈ ತೊಳೆಯಲ್ಲ.”

“ಯಾಕೆ, ಕೈಗೇನಾಯ್ತು?”

“ಮಣಿ ಬರಲಿ.”

ಹುರುಳಿಕಾಳು ಬಸ್ಸಾರು ತಣ್ಣಗಾಗುತ್ತಾ ಹೋಯಿತು. ಪಕ್ಕದ ಮನೆಗೆ ಮೊಸರಿಗೆ ಹೋಗಿದ್ದ ರಮಾಮಣಿ ಬಂದ ಮೇಲೆ ಬಾಗಿಲು ಮುಂದಕ್ಕೆ ಹಾಕಿಸಿ ಮಹದೇವು ಮುಷ್ಟಿ ಬಿಚ್ಚಿದ. ಅಂಗೈ ತುಂಬ ನೀಲಿ ಪೆನ್ಸಿಲಿನ ಅಕ್ಷರ, ಬೆವರಿಗೆ ಅರ್ಧ ಕದಡಿತ್ತು.

ಆವತ್ತು ಸಾಹೇಬರು ಅವನ ಕೈಗೆ ಕೆಂಪು ದಾರ ಕಟ್ಟಿದ ಒಂದು ಫೈಲು ಕೊಟ್ಟು ಮೇಲಿನ ಕೋಣೆಗೆ ಕೊಟ್ಟು ಬಾ ಎಂದಿದ್ದರು. ಮೇಲೆ ರೆಕಾರ್ಡ್ ಗುಮಾಸ್ತರ ಹುದ್ದೆಯ ಹೆಸರಿತ್ತು. ಹದಿನಾಲ್ಕು ವರ್ಷದಲ್ಲಿ ಒಂದು ಫೈಲನ್ನೂ ಬಿಚ್ಚಿ ನೋಡದವನು ಅಂದು ಮೆಟ್ಟಿಲ ತಿರುವಿನಲ್ಲಿ ನಿಂತು ದಾರ ಬಿಚ್ಚಿದ. ಸಾಹೇಬರ ಕೈಬರಹದಲ್ಲಿ ತನ್ನ ಹೆಸರಿದ್ದ ಸಾಲನ್ನು ಅಂಗೈಗೆ ಇಳಿಸಿಕೊಂಡ.

“ಅಯ್ಯಯ್ಯೋ, ಯಾರಾದ್ರೂ ನೋಡಿದ್ರೆ?” ಎಂದಳು ಪ್ರೇಮಮ್ಮ.

“ನೋಡಿದ್ರೆ ಕೆಲಸ ಹೋಯ್ತು. ಹೋದ ವರ್ಷ ಒಬ್ಬನ್ನ ಇದಕ್ಕೇ ಮನೆಗೆ ಕಳಿಸಿದ್ರು. ಮೊದಲು ಓದಮ್ಮ.”

ರಮಾಮಣಿ ಅಪ್ಪನ ಅಂಗೈಯನ್ನು ದೀಪದ ಕಡೆ ತಿರುಗಿಸಿ ಅಕ್ಷರ ಅಕ್ಷರವಾಗಿ ಓದಿದಳು. “ಮಹದೇವು ಶುಡ್ ನಾಟ್ ಬಿ ಪಾಸ್ಡ್ ಓವರ್.” ಮತ್ತೊಂದು ಸಲ ಓದಿದಳು.

“ಏನಂತೆ?” ಎಂದಳು ಮಂಗಳಮ್ಮ.

“ಶುಡ್ ನಾಟ್ ಅಂದ್ರೆ ಕೂಡದು, ಅಜ್ಜಿ. ಪಾಸ್ಡ್ ಅಂದ್ರೆ ಪಾಸು.”

“ಓವರ್?”

“ಓವರ್ ಅಂದ್ರೆ ಮುಗೀತು. ಕ್ಲಾಸ್ ಓವರ್ ಅಂತಾರಲ್ಲ, ಹಾಗೆ.” ಅವಳ ದನಿ ತಗ್ಗಿತು. “ಮಹದೇವು ಪಾಸಾಗಕೂಡದು. ಮುಗೀತು.”

ಮಹದೇವು ಅಂಗೈಯನ್ನೇ ನೋಡುತ್ತಾ ಕೂತ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹಿತ್ತಲಿಗೆ ಹೋಗಿ ಬೂದಿ ಹಾಕಿ ಕೈ ಉಜ್ಜಿದ. ಬಂದು ಮುದ್ದೆ ಮುರಿದ. ನೀಲಿ ಪೂರ್ತಿ ಹೋಗಿರಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸಿದ.

ಆಫೀಸಿನಲ್ಲಿ ಯಾರನ್ನೂ ಕೇಳುವ ಹಾಗಿರಲಿಲ್ಲ. ಕೇಳಿದರೆ ಫೈಲು ಬಿಚ್ಚಿದ್ದು ಹೊರಬೀಳುತ್ತಿತ್ತು. ವಠಾರದ ಕೊನೇ ಮನೆಯಲ್ಲಿ ಪ್ರೈಮರಿ ಶಾಲೆಯ ಹಳೇ ಮೇಷ್ಟರು ಗುರುಸಿದ್ದಯ್ಯ ಇದ್ದರು. ಹೆಸರು ತೆಗೆದು ಬರೀ ಇಂಗ್ಲಿಷ್ ಮಾತನ್ನು ಚೀಟಿಯಲ್ಲಿ ಮಗಳಿಂದ ಬರೆಸಿ ಪ್ರೇಮಮ್ಮ ಅವರ ಹತ್ತಿರ ಒಯ್ದಳು. ಅವರು ಕನ್ನಡಕ ಏರಿಸಿ ಚೀಟಿಯನ್ನು ದೂರಕ್ಕೆ ಹಿಡಿದರು.

“ಓವರ್ ಅಂದ್ರೆ ಮುಗೀತು ಅಂತ ಯಾರಮ್ಮ ಹೇಳಿದ್ದು? ಓವರ್ ಅಂದ್ರೆ ಮೇಲೆ. ರೈಲ್ವೆ ಓವರ್ ಬ್ರಿಡ್ಜ್ ಇಲ್ವಾ? ಪಾಸ್ ಅಂದ್ರೆ ಹಾದುಹೋಗೋದು.”

ಪ್ರೇಮಮ್ಮನಿಗೆ ಜೀವ ಬಂದಂತಾಯಿತು. “ಅಂದ್ರೆ ಒಳ್ಳೇದೇ ಅಲ್ವಾ ಮೇಷ್ಟ್ರೇ?”

“ಎಲ್ಲಿಂದ ಒಳ್ಳೇದು? ನಾಟ್ ಇದೆಯಲ್ಲ. ಮೇಲಕ್ಕೆ ಹಾದುಹೋಗಕೂಡದು. ಇದ್ದ ಜಾಗದಲ್ಲೇ ಇರಬೇಕು ಅಂತ.”

ಚೀಟಿ ಮನೆಗೆ ವಾಪಸ್ಸು ಬಂತು. ಪಕ್ಕದ ಬೋರಮ್ಮನ ಮಗ ರೈಲ್ವೆಯಲ್ಲಿದ್ದ. ಅದು ಪಾಸು ಇಟ್ಟುಕೊಂಡು ಜಾಸ್ತಿ ದೂರ ಹೋಗುವವರ ವಿಷಯ ಎಂದ. ಯಾರು ಹೇಗೆ ಓದಿದರೂ ಕೂಡದು ಎನ್ನುವುದು ಮಾತ್ರ ಅಲ್ಲೇ ಕೂತಿತ್ತು.

ಅಲ್ಲಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಆಡಿದ ಮಾತೂ ಚುಚ್ಚುವ ಮಾತೇ.

“ನಿನ್ನ ಪುಸ್ತಕ ನಂಬಿ ಕೆಟ್ಟೆ,” ಎಂದ ಮಹದೇವು ಮಗಳಿಗೆ ಒಂದು ಬೆಳಿಗ್ಗೆ.

“ಪುಸ್ತಕದಲ್ಲಿ ಸರಿಯಾಗೇ ಇತ್ತು. ನಿಮ್ಮ ತಲೆಗೆ ಹೋಗಲಿಲ್ಲ.”

“ನೋಡ್ದಾ ಅವ್ವ, ಮಾತು? ಇವಳ್ನ ಸ್ಕೂಲು ಬುಡ್ಸಿ ಮನೇಲಿ ಕೂರ್ಸು.”

“ಅವಳನ್ನ ಬಿಡಿಸಿದ್ರೆ ನಿಮಗೆ ಕುರ್ಚಿ ಬಂದ್ಬುಡುತ್ತಾ?” ಎಂದಳು ಪ್ರೇಮಮ್ಮ. ಮೊನ್ನೆಯವರೆಗೆ ಮಗಳನ್ನು ಬೈಯುತ್ತಿದ್ದವಳು ಈಗ ಮಗಳ ಕಡೆಗೆ. ಮಂಗಳಮ್ಮ ಅವರೆಕಾಳು ಹಿದುಕುತ್ತಾ ಯಾರ ಕಡೆಗೂ ಹೋಗದೆ ಕೂತಿದ್ದಳು. ಅವಳಿಗೆ ಒಂದೇ ಯೋಚನೆ. ಹದಿನಾಲ್ಕು ವರ್ಷ ಬಯ್ಯದ ಸಾಹೇಬರು, ಮಗನಿಗೆ ಮೊಣಕಾಲು ನೋವೆಂದು ಸ್ಟೂಲು ಹಾಕಿಸಿಕೊಟ್ಟವರು, ಹಾಗೆ ಬರೆದಾರೆಯೇ?

ಅವರೆಕಾಯಿ ಕಾಲ ಬಲಿತಿತ್ತು. ಒಂದು ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಬಂದ ಮಹದೇವು ಜಗುಲಿಯ ಮೇಲೆ ಕೂತು, ಯಾರೂ ಕೇಳದೆಯೇ ಹೇಳಿದ.

“ನನ್ನ ಹೆಸರು ಬಿಟ್ಟುಕೊಟ್ಟೆ ಕಣವ್ವ.”

“ಏನಂದೆ?”

“ನನಗೆ ಆ ಜಾಗ ಬೇಡ ಅಂತ ಅರ್ಜಿ ಬರೆದು ಸಾಹೇಬರ ಮೇಜಿನ ಕಾಗದದ ತಟ್ಟೇಲಿ ಇಟ್ಟು ಬಂದೆ. ನಾನೇ ಬರೆದೆ, ಇಂಗ್ಲಿಷಲ್ಲೇ. ಅವರು ಫೇಲು ಅನ್ನೋ ಮುಂಚೆ ನಾನೇ ಬೇಡ ಅಂದ್ಬುಟ್ರೆ ಮರ್ಯಾದೆ ಉಳಿಯುತ್ತೆ.”

ಪ್ರೇಮಮ್ಮ ಒಳಗಿಂದ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಯಾರನ್ನ ಕೇಳಿ ಬರೆದ್ರಿ?”

“ನನ್ನ ಹೆಸರು ಬುಡಕ್ಕೆ ಯಾರನ್ನ ಕೇಳಬೇಕು?”

“ಒಬ್ಬರೂ ನೆಟ್ಟಗೆ ಅರ್ಥ ಹೇಳಲಿಲ್ಲ. ಅಷ್ಟರಲ್ಲಿ ಬರೆದುಕೊಟ್ಟು ಬಂದ್ರಾ!”

ಮಾರನೇ ದಿನ ಭಾನುವಾರ. ಮಂಗಳಮ್ಮ ಬೆಳಿಗ್ಗೆಯೇ ತಲೆ ಬಾಚಿ, ಮಡಚಿಟ್ಟಿದ್ದ ಸೀರೆ ಉಟ್ಟು, ಊರಿಂದ ತಮ್ಮ ಕಳಿಸಿದ್ದ ಅವರೆಕಾಯಿಯಲ್ಲಿ ಒಂದು ಚೀಲ ಕಟ್ಟಿಕೊಂಡಳು. ರಮಾಮಣಿಯನ್ನು ಹಿತ್ತಲಿಗೆ ಕರೆದಳು.

“ಆ ಮಾತನ್ನ ನನಗೆ ಬಾಯಿಪಾಠ ಮಾಡ್ಸು.”

“ಯಾಕಜ್ಜಿ?”

“ಮಾಡ್ಸು ಅಂದ್ರೆ ಮಾಡ್ಸು. ನಿಮ್ಮಪ್ಪನ ಹೆಸರು ಬ್ಯಾಡ, ಬೇರೆ ಯಾವುದಾದ್ರೂ ಆಕು.”

ಲಕ್ಷ್ಮೀಪುರಂನಿಂದ ಜಯಲಕ್ಷ್ಮಿಪುರಂನ ಸಾಹೇಬರ ಮನೆಯವರೆಗೆ ಮಂಗಳಮ್ಮ ಅದನ್ನೇ ಹೇಳಿಕೊಂಡು ನಡೆದಳು. ರಂಗ ಶುಡ್ ನಾಟ್ ಬಿ ಪಾಸ್ಡ್ ಓವರ್. ಸೈಕಲ್ಲೊಂದು ಗಂಟೆ ಹೊಡೆದರೆ ಓವರ್ ಹೋಗಿ ಅಂಡರ್ ಆಗುತ್ತಿತ್ತು. ಯಾರೋ ಗುರುತಿನವರು ಎಲ್ಲಿಗೆ ಹೊರಟಿರಿ ಎಂದರೆ, ಉತ್ತರ ಕೊಟ್ಟರೆ ಮರೆತುಹೋದೀತೆಂದು ಕೈಯಾಡಿಸಿ ಮುಂದೆ ಹೋದಳು. ಮರದ ನೆರಳಲ್ಲಿ ನಿಂತು ಮೊದಲಿಂದ ಹೇಳಿಕೊಂಡಳು.

ಸಾಹೇಬರ ಹೆಂಡತಿ ವಸಂತಮ್ಮ ಅವಳನ್ನು ಬಲ್ಲವರು. ಅವರೆಕಾಯಿ ಚೀಲಕ್ಕೆ ಮೂಗು ಒಡ್ಡಿ, “ಸೊಗಡು ಅಂದ್ರೆ ಇದು! ಕೂತ್ಕೊಳ್ಳಿ, ಕಾಫಿ ತರ್ತೀನಿ,” ಎಂದು ಒಳಗೆ ಹೋದರು. ರಾಮಸ್ವಾಮಿಯವರು ವರಾಂಡದಲ್ಲಿ ಪೇಪರು ಓದುತ್ತಿದ್ದರು.

“ಏನ್ ಮಂಗಳಮ್ಮ, ಅಪರೂಪಕ್ಕೆ ಬಂದಿರಿ?”

“ಏನಿಲ್ಲ ಬುದ್ಧಿ. ನಮ್ಮ ಮೊಮ್ಮಗಳ ಪುಸ್ತಕದಾಗೆ ಒಂದು ಮಾತೈತೆ. ಮನೇಲಿ ಯಾರಿಗೂ ಗೊತ್ತಾಗ್ನಿಲ್ಲ. ಮೂರು ವಾರದಿಂದ ಅದೇ ರಂಪ.”

“ಯಾವ ಮಾತು?”

ಮಂಗಳಮ್ಮ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದಳು. “ರಂಗ ಶುಡ್ ನಾಟ್ ಬಿ ಪಾಸ್ಡ್ ಓವರ್.”

ಕಣ್ಣು ಬಿಟ್ಟಾಗ ಪೇಪರು ಸಾಹೇಬರ ಮೊಣಕಾಲ ಮೇಲಿತ್ತು. ಅವರು ಅವಳ ಮುಖವನ್ನೇ ನೋಡುತ್ತಿದ್ದರು.

“ನೀವೆಲ್ಲ ಏನು ಅರ್ಥ ಮಾಡಿದಿರಿ?”

“ಪಾಸಾಗಕೂಡದು, ಮುಗೀತು ಅಂತ.”

“ಹ್ಞೂಂ,” ಎಂದರು ಅವರು. “ಮದುವೆ ಮನೇಲಿ ಪಂಕ್ತಿಗೆ ಬಡಿಸ್ತಾ ಬರ್ತಾರೆ. ಒಬ್ಬನ ಎಲೆ ಹತ್ರ ಬಂದಾಗ ಅವನಿಗೆ ಬಡಿಸದೆ, ಪಕ್ಕದವನ ಎಲೆಗೆ ಹಾಕಿ ಮುಂದಕ್ಕೆ ಹೋಗ್ತಾರೆ. ನೋಡಿದ್ದೀರಾ?”

“ನೋಡದೆ ಏನು ಬುದ್ಧಿ.”

“ಅದು ಪಾಸ್ ಓವರ್. ರಂಗನ ಎಲೆಗೆ ಹಾಗೆ ಮಾಡಕೂಡದು ಅಂತ ಆ ವಾಕ್ಯ. ಅವನಿಗೆ ಬರಬೇಕಾದ್ದು ಅವನಿಗೆ ಬರಲಿ ಅಂತ.”

ಮಗನ ಎಲೆಯನ್ನು ಕಾಯ್ದವರು ಇವರು. ಎಲೆ ಮಡಚಿ ಎದ್ದುಬಂದವನು ಮಗ.

“ಅದು ಯಾವ ಪುಸ್ತಕ?” ಎಂದರು ಸಾಹೇಬರು.

“ಐಸ್ಕೂಲಿಂದು.”

“ಕೆಂಪು ದಾರ ಕಟ್ಟಿರುತ್ತಾ ಅದಕ್ಕೆ?”

ವಸಂತಮ್ಮ ಕಾಫಿ ತಂದಿಟ್ಟರು. ಮಂಗಳಮ್ಮ ಲೋಟವನ್ನೇ ನೋಡುತ್ತಾ ಕೂತಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ನಿಜ ಹೇಳಿದರೆ ಮಗನ ಬಿಲ್ಲೆಯೂ ಹೋಗುತ್ತಿತ್ತು. ಸಾಹೇಬರು ಉತ್ತರಕ್ಕೆ ಕಾಯಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ಚರ್ಮದ ಚೀಲದಿಂದ ಒಂದು ಹಾಳೆ ತೆಗೆದರು.

“ನಿಮ್ಮ ಮಗ ನೆನ್ನೆ ಒಂದು ಅರ್ಜಿ ಇಟ್ಟು ಹೋಗಿದ್ದಾನೆ. ಐ ಬೆಗ್ ಟು ಗಿವ್ ಇನ್ ಮೈ ನೇಮ್ ಫಾರ್ ದಿ ಕ್ಲಾರ್ಕ್ ಪೋಸ್ಟ್. ಅಂದ್ರೆ ನನ್ನ ಹೆಸರು ಒಪ್ಪಿಸ್ತೀನಿ ಅಂತ. ಹೆಸರು ಕೊಟ್ಟು ಎರಡು ತಿಂಗಳಾಯ್ತು. ಮತ್ತೆ ಯಾಕೆ ಕೊಟ್ಟ? ಅಷ್ಟು ಆತುರವಾ ಅವನಿಗೆ?”

ಒಪ್ಪಿಸುತ್ತೇನೆ ಎಂದು ಬರೆದಿದ್ದಾನೆಯೇ? ಬಿಟ್ಟುಕೊಟ್ಟೆ ಎಂದಿದ್ದನಲ್ಲ? ಮಂಗಳಮ್ಮ ಬಾಯಿ ತೆರೆದಳು. ತೆರೆದ ಬಾಯಿಗೆ ಕಾಫಿ ಲೋಟ ಎತ್ತಿಕೊಂಡಳು. ಬಿಸಿ ನಾಲಿಗೆಯನ್ನು ಸುಟ್ಟಿತು, ಕಣ್ಣಲ್ಲಿ ನೀರು ಬಂತು, ಹೇಳಬೇಕೆಂದಿದ್ದ ಮಾತು ಕೆಳಗಿಳಿದುಹೋಯಿತು.

“ಹೂಂ ಬುದ್ಧಿ. ಆತ್ರ,” ಎಂದಳು.

ಅವಳು ಗೇಟಿನವರೆಗೆ ಬಂದಾಗ ಹಿಂದಿನಿಂದ ಸಾಹೇಬರ ದನಿ ಬಂತು. “ಮಂಗಳಮ್ಮ, ಕೆಂಪು ದಾರದ ಪುಸ್ತಕ ಬಿಚ್ಚಿ ಓದೋ ದಲಾಯತರು ನಮ್ಮ ಆಫೀಸಿಗೆ ಬೇಡ. ಮಗನಿಗೆ ಹೇಳಿ.”

ನಗುತ್ತಾ ಹೇಳಿದರೋ ಸಿಟ್ಟಿನಿಂದ ಹೇಳಿದರೋ ತಿರುಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಮನೆಯಲ್ಲಿ ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮೊದಲು ಅರ್ಥವಾದದ್ದು ರಮಾಮಣಿಗೆ.

“ಅಪ್ಪಾ, ಗಿವ್ ಅಪ್ ಅಂತ ಬರೀಬೇಕಿತ್ತು! ಗಿವ್ ಅಪ್ ಅಂದ್ರೆ ಬಿಟ್ಟುಬಿಡೋದು. ನೀವು ಇನ್ ಅಂತ ಬರೆದಿದ್ದೀರಿ.”

“ಅಪ್ ಅಂದ್ರೆ ಮೇಲೆ ಅಲ್ವಾ? ನಾನು ಮೇಲಕ್ಕೆ ಹೋಗಲ್ಲ ಅಂತ ಹೇಳ್ತಿರೋವಾಗ ಅಪ್ ಯಾಕೆ ಬರೀಲಿ? ಇನ್ ಅಂದ್ರೆ ಒಳಗೆ. ನನ್ನ ಹೆಸರು ನಾನು ಒಳಕ್ಕೆ ತಗೊಂಡೆ ಅಂತ ಬರೆದೆ.”

ಪ್ರೇಮಮ್ಮ ಸೆರಗು ಬಾಯಿಗಿಟ್ಟು ನಗತೊಡಗಿದಳು. ರಮಾಮಣಿಯೂ ನಕ್ಕಳು. ಮಹದೇವು ನಗಲಿಲ್ಲ.

“ನಾಳೆ ಹೋಗಿ ನಿಜ ಹೇಳಿಬುಡ್ತೀನಿ.”

“ಯಾವ ನಿಜ?” ಪ್ರೇಮಮ್ಮನ ನಗು ನಿಂತಿತು. “ಬೇಡ ಅಂತ ಬರೆಯಕ್ಕೆ ಹೋಗಿ ಬೇಕು ಅಂತ ಬರೆದೆ, ನನಗೆ ಇಂಗ್ಲಿಷ್ ಬರಲ್ಲ ಅಂತಲಾ? ಹೇಳಿ, ಹೋಗಿ ಹೇಳಿ. ಕುರ್ಚಿ ಮೇಲೆ ಕೂರಿಸಿ ಕಾಲೊತ್ತುತಾರೆ.”

“ಫೈಲು ಬಿಚ್ಚಿದ್ದು ಅವರಿಗೆ ಗೊತ್ತಾಗ್ಬುಟ್ಟಿದೆ ಕಣೇ. ಅಂಥ ದಲಾಯತರು ಬೇಡ ಅಂದ್ರಲ್ಲ. ಇದ್ದ ಕೆಲಸಾನೂ ಹೋಯ್ತು.”

ಕುರ್ಚಿಯ ಮಾತು ಮನೆಯಲ್ಲಿ ಅಲ್ಲಿಗೆ ನಿಂತಿತು. ಬಿಲ್ಲೆ ಉಳಿದರೆ ಸಾಕು ಎನ್ನುವ ಹಾಗಾಯಿತು. ಮಹದೇವು ಮಾರನೇ ದಿನದಿಂದ ಗಂಟೆ ಹೊಡೆದರೆ ಬೆಚ್ಚುತ್ತಿದ್ದ. ಸಾಹೇಬರು ಮೊದಲಿನ ಹಾಗೇ ಫೈಲು ಕೊಡುತ್ತಿದ್ದರು, ಒಂದು ಮಾತೂ ಹೆಚ್ಚಿಗೆ ಆಡುತ್ತಿರಲಿಲ್ಲ. ಎರಡನೇ ವಾರಕ್ಕೆ ಅವನಿಗೆ ಚಳಿಜ್ವರ ಬಂತು. ಮಂಗಳಮ್ಮ ಮೆಣಸಿನ ಸಾರು ಮಾಡಿ ಕುಡಿಸಿ, ಕಂಬಳಿ ಹೊದಿಸಿ ಮಲಗಿಸಿದಳು.

ಜ್ವರದ ಮೂರನೇ ದಿನ ಮಧ್ಯಾಹ್ನ ಆಫೀಸಿನ ಇನ್ನೊಬ್ಬ ದಲಾಯತ ಹುಚ್ಚಣ್ಣ ಸೈಕಲ್ಲಿನಲ್ಲಿ ಬಂದ. ಒಂದು ಉದ್ದನೆಯ ಕವರು, ಜೊತೆಗೆ ಸಹಿ ಹಾಕಿಸಿಕೊಳ್ಳುವ ಪುಸ್ತಕ.

“ಏನಣ್ಣ ಇದು?” ಎಂದಳು ಪ್ರೇಮಮ್ಮ.

“ನನಗೇನು ಓದಕ್ಕೆ ಬತ್ತದಾ ತಾಯಿ? ಸಾಹೇಬ್ರು ಕೊಟ್ಟು ಬಾ ಅಂದ್ರು.”

“ಅವರ ಮುಖ ಎಂಗಿತ್ತು?” ಎಂದಳು ಮಂಗಳಮ್ಮ.

“ಮುಖ ಇದ್ದಂಗೇ ಇತ್ತು.”

ಮಹದೇವು ಸಹಿ ಹಾಕಿದ. ಹುಚ್ಚಣ್ಣ ನೀರು ಕೇಳಿ ಕುಡಿದು ಜಗುಲಿಯ ನೆರಳಲ್ಲಿ ಕೂತ. ಶಾಲೆಗೆ ಅವತ್ತು ರಜೆಯಿತ್ತು. ಕವರು ಒಡೆದದ್ದು ರಮಾಮಣಿ. ಟೈಪ್ ಮಾಡಿದ ಒಂದೇ ಸಾಲು.

“ಮಹದೇವು ಈಸ್ ಟೇಕನ್ ಆನ್ ದಿ ಸ್ಟ್ರೆಂತ್ ಆಫ್ ದಿ ರೆಕಾರ್ಡ್ಸ್ ಸೆಕ್ಷನ್ ಫ್ರಮ್ ದಿ ಫಸ್ಟ್.”

“ನಿಧಾನಕ್ಕೆ ಹೇಳವ್ವ,” ಎಂದಳು ಮಂಗಳಮ್ಮ. “ಆತ್ರ ಬ್ಯಾಡ.”

ರಮಾಮಣಿ ಒಂದೊಂದಾಗಿ ಬಿಡಿಸಿದಳು. “ಟೇಕನ್ ಅಂದ್ರೆ ತೆಗೆದಿದ್ದಾರೆ. ಸ್ಟ್ರೆಂತ್ ಅಂದ್ರೆ ಬಲ. ರೆಕಾರ್ಡ್ಸ್ ಅಂದ್ರೆ ರೆಕಾರ್ಡು. ಒಂದನೇ ತಾರೀಖಿಂದ.”

“ಕೂಡಿಸಿ ಹೇಳು,” ಎಂದ ಮಹದೇವು ಕಂಬಳಿಯೊಳಗಿಂದ.

ಅವಳು ಅಮ್ಮನ ಮುಖ ನೋಡಿದಳು. “ಮಹದೇವನ್ನ ಒಂದನೇ ತಾರೀಖಿಂದ ರೆಕಾರ್ಡಿಂದ ಬಲವಂತವಾಗಿ ತೆಗೆದಿದ್ದಾರೆ.”

“ಆಫ್ ಅಂತಲೂ ಓದಿದ್ಯಲ್ಲೇ!” ಎಂದಳು ಪ್ರೇಮಮ್ಮ. “ಲೈಟು ಆಫ್ ಅಂದಂಗೆ.”

“ಅದು ಬೇರೆ ಆಫ್ ಅಮ್ಮ. ಒಂದೇ ಎಫ್ ಇದೆ.”

“ಎಫ್ ಒಂದಿದ್ರೇನು, ಎರಡಿದ್ರೇನು. ಹೋಯ್ತು ಬುಡು.” ಅವಳು ಅಲ್ಲೇ ಗೋಡೆಗೆ ಒರಗಿ ಕೂತಳು.

ಮಂಗಳಮ್ಮ ಮಾತ್ರ ಹಾಳೆಯ ಕಡೆಯೇ ನೋಡುತ್ತಿದ್ದಳು. ಅವಳಿಗೆ ಓದಲು ಬಾರದ ಅಕ್ಷರ. ಆದರೆ ಮೊಮ್ಮಗಳು ಕನ್ನಡದಲ್ಲಿ ಹೇಳಿದ ಮಾತೇ ಅವಳಿಗೆ ಪೂರ್ತಿ ಅನ್ನಿಸಲಿಲ್ಲ.

“ತೆಗೆದು ಅಂದ್ಯಲ್ಲ ಮಗ. ತೆಗೆದು ಏನು ಮಾಡಿದ್ರು?”

“ಅಂದ್ರೆ?”

“ಕೆಲಸದಿಂದ ತೆಗೆದುಹಾಕಿದ್ರು ಅಂತೀವಿ. ಕೆಲಸಕ್ಕೆ ತೆಗೆದುಕೊಂಡ್ರು ಅಂತೀವಿ. ತೆಗೆಯೋದು ಒಂದೇಯ. ಬಾಲದಾಗೆ ಅಲ್ವಾ ಇರೋದೆಲ್ಲ? ಇದರಾಗೆ ಆಕಿದ್ರೋ, ಕೊಂಡ್ರೋ?”

ರಮಾಮಣಿ ಹಾಳೆಯ ಮೇಲೆ ಬೆರಳಿಟ್ಟಳು. ಮೂರು ವಾರ ಅಪ್ಪನಿಗೆ ತಾನು ಹೇಳಿಕೊಟ್ಟದ್ದನ್ನು ಅಜ್ಜಿ ಮನೆಮಾತಿನಲ್ಲೇ ಹೇಳಿಬಿಟ್ಟಿದ್ದಳು.

“ಬಾಲ ಇದೆ ಅಜ್ಜಿ. ಟೇಕನ್ ಆನ್. ಆನ್ ಅನ್ನೋದೇ ಬಾಲ.”

“ಆನ್ ಅಂದ್ರೆ ಆಕೋದೋ, ಕೊಳ್ಳೋದೋ?”

“ನಮ್ಮ ಪಾಠದಲ್ಲಿ ಟೇಕ್ ಆಫ್ ಇತ್ತು, ಟೇಕ್ ಔಟ್ ಇತ್ತು. ಟೇಕ್ ಆನ್ ಬಂದಿಲ್ಲ.” ಅವಳು ತಲೆಯ ಮೇಲಿನ ಬಲ್ಬನ್ನು ನೋಡಿದಳು. ಮುಖ ಬಾಡಿತು. “ಲೈಟ್ ಆನ್ ಮಾಡು ಅಂದ್ರೆ ಲೈಟ್ ಹಾಕು ಅಂತ ಅಲ್ವಾ? ಆನ್ ಅಂದ್ರೆ ಹಾಕು.”

“ಅಂಗಾದ್ರೆ ತೆಗೆದುಹಾಕಿದ್ರು,” ಎಂದ ಮಹದೇವು. ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ.

ಮಂಗಳಮ್ಮ ಎದ್ದಳು. ಹತ್ತಿರ ಹೋಗಿ ಆ ಕಂಬಳಿಯನ್ನು ಕಿತ್ತಳು. ಅವಳು ಮಗನ ಮೇಲೆ ದನಿ ಎತ್ತಿ ಎಷ್ಟೋ ವರ್ಷವಾಗಿತ್ತು.

“ಏಳ್ಲಾ ಮೇಲೆ! ಅಂಗೈ ತೋರ್ಸಿ ಕೇಳ್ದೆ, ಚೀಟಿ ಕೊಟ್ಟು ಕೇಳ್ದೆ, ರಂಗನ ಹೆಸರಾಗೆ ನಾನೂ ಹೋಗಿ ಕೇಳ್ದೆ. ಇಷ್ಟು ದಿನ ಕದ್ದು ಓದಿದ್ದು, ಕದ್ದೇ ಕೇಳಬೇಕಿತ್ತು. ಈ ಕಾಗದ ನಿನ್ನ ಹೆಸರಿಗೇ ಬಂದದೆ, ನೀನೇ ರುಜು ಆಕಿ ಈಸ್ಕಂಡಿದ್ದೀಯ. ಹೋಗಿ ಎದುರಿಗೆ ನಿಂತು ಕೇಳು.”

“ಏನಂತ ಕೇಳಲಿ ಅವ್ವ?”

“ಆಕಿದ್ರೋ, ಕೊಂಡ್ರೋ ಅಂತ ಕೇಳು. ಕನ್ನಡದಾಗೇ ಕೇಳು.”

“ಜ್ವರ ಇದೆ ಅತ್ತೆ,” ಎಂದಳು ಪ್ರೇಮಮ್ಮ.

“ಇಲ್ಲಿ ಮಲಗಿದ್ರೆ ಬುಡ್ತದಾ ಆ ಜ್ವರ?”

ಮಹದೇವು ಎದ್ದು ಕೋಟು ಹಾಕಿಕೊಂಡ. ಬಿಲ್ಲೆಪಟ್ಟಿಗೆ ಕೈ ಹಾಕಿ, ಕಟ್ಟಿಕೊಳ್ಳಬೇಕೋ ಬೇಡವೋ ತಿಳಿಯದೆ ಅದನ್ನು ಮಡಚಿ ಜೇಬಿಗಿಟ್ಟುಕೊಂಡ. ಹುಚ್ಚಣ್ಣ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟ.

ಮೂವರು ಹೆಂಗಸರೂ ಮನೆಯಲ್ಲಿ ಉಳಿದರು. ಪ್ರೇಮಮ್ಮ ರಾಗಿ ಕೇರಲು ಕೂತಳು, ಕೇರಿದ್ದನ್ನೇ ಮತ್ತೆ ಕೇರಿದಳು. ರಮಾಮಣಿ ಯಾರೂ ಹೇಳದೆ ನಲ್ಲಿಗೆ ಹೋಗಿ ಎರಡು ಬಿಂದಿಗೆ ನೀರು ತಂದಳು. ನಾಲ್ಕು ಹೊಡೆಯಿತು. ಗುರುಸಿದ್ದಯ್ಯನವರು ಬಾಗಿಲಲ್ಲಿ ಇಣುಕಿ, “ಏನೋ ಕವರು ಬಂತಂತೆ?” ಎಂದರು. “ಬಂದದೆ ಮೇಷ್ಟ್ರೇ, ಅರ್ಥ ಆಮೇಲೆ ಬತ್ತದೆ,” ಎಂದು ಮಂಗಳಮ್ಮ ಅವರನ್ನು ಕಳಿಸಿದಳು. ಐದೂ ಆಯಿತು. ಅವಳು ಒಲೆ ಹಚ್ಚಿ ಎಸರಿಟ್ಟಳು. ಹಿಟ್ಟು ಹಾಕಲಿಲ್ಲ. ಎಸರು ಕುದಿದು ಕುದಿದು ಅರ್ಧವಾಯಿತು. ಮತ್ತೆ ನೀರು ಹೊಯ್ದಳು.

ಬೀದಿ ದೀಪ ಹತ್ತುವ ಹೊತ್ತಿಗೆ ಮಹದೇವು ಒಬ್ಬನೇ ನಡೆದುಕೊಂಡು ಬಂದ. ಕೋಟು ಬೆವರಿಗೆ ಒದ್ದೆಯಾಗಿತ್ತು, ಜ್ವರ ಬಿಟ್ಟಿತ್ತು. ಬಿಲ್ಲೆಯಿಟ್ಟುಕೊಂಡು ಹೋದ ಜೇಬು ಬರಿದಾಗಿ ಜೋತಿತ್ತು. ಅದನ್ನು ಮೊದಲು ಕಂಡವಳು ಪ್ರೇಮಮ್ಮ. ಅವಳ ಕೈಯಿಂದ ಮೊರ ಜಾರಿ ರಾಗಿ ನೆಲಕ್ಕೆ ಚೆಲ್ಲಿತು.

“ಬಿಲ್ಲೆ ಎಲ್ಲಿ?” ಎಂದಳು.

“ವಾಪಸ್ ಇಸ್ಕೊಂಡ್ರು.”

ಮಹದೇವು ಹೊಸಲಿನಾಚೆಯೇ ನಿಂತಿದ್ದ. ಮಂಗಳಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಅವನ ಎದುರಿಗೆ ನಿಂತಳು.

“ಏನ್ಲಾ?” ಎಂದಳು.

“ಕೊಂಡ್ರು ಕಣವ್ವ,” ಎಂದ ಅವನು.